ಗಂಗಕ್ಕನ ಕಡೆ ಎಷ್ಟು ಮಳೆ

ಕಾಫಿ ಬೆಳೆಯುವವರಿಗೆ ಒಂದು ಚಾಳಿ ಇದೆ. ಮಳೆ ಬಿದ್ದ ಮಾರನೆಯ ಬೆಳಗ್ಗೆ ಹಲ್ಲುಜ್ಜುವ ಮುಂಚೆ ಫೋನ್ ಹಿಡಿಯುತ್ತೇವೆ. ಚೆನ್ನಾಗಿದ್ದೀರಾ, ತಿಂಡಿ ಆಯ್ತಾ ಎಂಬ ಉಪಚಾರವೆಲ್ಲ ಇಲ್ಲ. ‘ನಿಮ್ ಕಡೆ ಎಷ್ಟು?’ ಅಷ್ಟೇ. ಆ ಕಡೆಯವರು ‘ಅರವತ್ತು ಸೆಂಟ್’ ಎನ್ನುತ್ತಾರೆ, ಇಲ್ಲವೇ ‘ಒಂದಿಂಚು ಹತ್ತು’. ನೂರು ಸೆಂಟಿಗೆ ಒಂದಿಂಚು ಲೆಕ್ಕ. ಅಂಗಳದಲ್ಲಿ ಮಳೆಮಾಪಕ, ಅದಕ್ಕೊಂದು ಗೆರೆ ಎಳೆದ ಅಳತೆ ಗ್ಲಾಸು, ಇವೆರಡು ಇಲ್ಲದ ಕಾಫಿ ಮನೆ ನಮ್ಮ ಸಕಲೇಶಪುರ, ಆಲೂರು ಕಡೆ ಸಿಗುವುದು ಕಷ್ಟ. ಜಾಸ್ತಿ ಬಿದ್ದವರ ದನಿಯಲ್ಲಿ ಜಂಬ, ಕಡಿಮೆ ಬಿದ್ದವರ ದನಿಯಲ್ಲಿ ಹೊಟ್ಟೆಯುರಿ. ‘ನೀವು ಹೆಂಗಸ್ರು ಮಳೇನೂ ಒಡವೆ ಥರ ತೋರ್ಸ್ಕಂಡು ಮೆರೀತೀರಾ’ ಎಂದು ನನ್ನ ಗಂಡ ಮೋಹನ್ ಆಡಿಕೊಳ್ಳುತ್ತಾನೆ. ನಾನು ಫೋನಿನಲ್ಲಿರುವಾಗ ಪಕ್ಕದಲ್ಲೇ ನಿಂತು, ಎಷ್ಟಂತೆ ಎಂದು ಕೈಸನ್ನೆ ಮಾಡುವವನೂ ಅವನೇ.

ನಮ್ಮ ಈ ಮಳೆ ಫೋನಿನ ಗುಂಪಿನಲ್ಲಿ ನಾಲ್ವರು. ಮಗ್ಗೆಯ ಸೌಜನ್ಯ ದೊಡ್ಡ ಎಸ್ಟೇಟಿನ ಸೊಸೆ. ಅವಳು ಮಾತು ಶುರುವಿಟ್ಟುಕೊಂಡರೆ ಎದುರಿನವರಿಗೆ ಹೂಂಗುಟ್ಟುವುದಷ್ಟೇ ಕೆಲಸ. ಸಕಲೇಶಪುರದ ಅಂಜುಮ್‌ಳ ಗಂಡನದು ಕಾಫಿ ವ್ಯಾಪಾರ, ಊರಾಚೆ ಸ್ವಂತ ತೋಟವೂ ಉಂಟು. ತಮಾಷೆಯ ಹೆಂಗಸು, ಯಾರನ್ನೂ ಬಿಡುವುದಿಲ್ಲ. ನಾನು ಮಂಜುಶ್ರೀ, ಕೆ. ಹೊಸಕೋಟೆ ಹತ್ತಿರದವಳು, ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ನಾಲ್ಕನೆಯವಳು ನಮ್ಮೆಲ್ಲರಿಗಿಂತ ಹಿರಿಯಳಾದ ಗಂಗಾಮಣಿ, ನಮ್ಮ ಗಂಗಕ್ಕ. ನನ್ನ ತೋಟದ ಬೇಲಿ ದಾಟಿದರೆ ಹಳ್ಳ, ಹಳ್ಳ ದಾಟಿದರೆ ಏರು, ಏರಿನ ಮೇಲೆ ಅವಳ ಮನೆ.

ಆ ಮನೆಯ ಜಾಗವೇ ಒಂಥರಾ. ಅಲ್ಲಿಯವರೆಗೆ ಕಾಫಿ, ಅಲ್ಲಿಂದಾಚೆಗೆ ರಾಗಿ, ಜೋಳದ ಹೊಲ. ಸಕಲೇಶಪುರದ ಕಡೆಯಿಂದ ಏರಿಕೊಂಡು ಬಂದ ಮಳೆ ಅವಳ ಮನೆ ಹತ್ತಿರ, ದಾಟಲೋ ಬೇಡವೋ ಎಂದು ನಿಂತುಬಿಡುತ್ತದೆ. ಹಾಗಾಗಿ ಅವಳ ಅಳತೆ ಎಲ್ಲರಿಗೂ ಬೇಕು. ಗಂಗಕ್ಕನ ಮನೆ ದಾಟಿದರೆ ಅದು ಮಳೆ, ದಾಟದಿದ್ದರೆ ನೆಪಕ್ಕೆ ಬಂದು ಹೋದ ಹನಿ. ಬೇಸಿಗೆಯ ಮೊದಲ ಮಳೆಗೆ ಕಾಫಿ ಗಿಡ ಹೂ ಬಿಡುತ್ತದಲ್ಲ, ಆ ಹೂಮಳೆಯ ಕಾಲದಲ್ಲಂತೂ ಅವಳ ಹಳೆಯ ಗುಂಡಿ ಫೋನಿಗೆ ಬಿಡುವೇ ಇರುತ್ತಿರಲಿಲ್ಲ. ನಾವು ಮೂವರಲ್ಲದೆ ದೂರದ ತೋಟದವರೂ ಕೇಳುತ್ತಿದ್ದರು.

ಮಳೆ ಇಲ್ಲದ ದಿನ ಆ ಫೋನಿಗೆ ಯಾರ ಗೊಡವೆಯೂ ಇಲ್ಲ. ಗಂಡ ತೀರಿಕೊಂಡಾಗ ಅವಳಿಗೆ ಇನ್ನೂ ಮೂವತ್ತರ ಆಜುಬಾಜು. ಮಕ್ಕಳಾಗಿರಲಿಲ್ಲ. ಅಣ್ಣಂದಿರು ಬಾ ಎಂದು ಕರೆದರು, ಅವಳು ಹೋಗಲಿಲ್ಲ. ಇದ್ದ ಒಂದಿಷ್ಟು ತೋಟವನ್ನು ತಾನೇ ನಿಂತು ರೆಂಬೆ ಸವರಿಸಿ ಕಸಿ ಮಾಡಿಸಿ, ಗೊಬ್ಬರ ಹಾಕಿಸಿ, ಕಣದಲ್ಲಿ ಕಾಫಿ ಒಣಗಿಸಿ ಬದುಕಿದಳು. ಕೆಲಸಕ್ಕೆ ಬರುವ ತಾಯಮ್ಮ ಸಂಜೆ ಚೀಲ ಹೆಗಲಿಗೇರಿಸಿ ಹೊರಟಳೆಂದರೆ ಆ ಏರಿನ ಮೇಲೆ ಮನುಷ್ಯರ ದನಿ ನಿಂತಂತೆ. ಮಾರನೆಯ ಬೆಳಗ್ಗೆ ತಾಯಮ್ಮ ಮತ್ತೆ ಬರುವವರೆಗೆ ಅವಳಿಗೆ ಅವಳೇ.

ಅದಕ್ಕೇ ಮಳೆ ಬಿದ್ದ ಬೆಳಗ್ಗೆ ಗಂಗಕ್ಕ ಬೆಳಕು ಹರಿಯುವ ಮುಂಚೆ ಅಂಗಳಕ್ಕಿಳಿಯುತ್ತಿದ್ದಳು. ನೀರು ಅಳೆದು, ಗುಲಾಬಿ ಗಿಡದ ಬುಡಕ್ಕೆ ಚೆಲ್ಲಿ, ಅಳತೆ ಗ್ಲಾಸನ್ನು ಜಗಲಿಯ ಗೂಡಿನಲ್ಲಿ ಬೋರಲು ಹಾಕಿ, ಕಿಟಕಿಯ ಬಳಿ ಫೋನ್ ಹಿಡಿದು ಕೂರುತ್ತಿದ್ದಳು. ನಾವು ಮಾಡಿದರೆ ಒಂದೇ ರಿಂಗಿಗೆ ಎತ್ತುತ್ತಿದ್ದಳು. ಎತ್ತಿ, ‘ಈಗ ಒಳಗ್ ಬಂದೆ ಕಣೇ’ ಎಂದು ಏದುಸಿರು ಬಿಟ್ಟಂತೆ ಮಾಡುತ್ತಿದ್ದಳು. ಎಷ್ಟು ಬಿತ್ತೆಂದು ಮಾತ್ರ ಬೇಗ ಬಾಯಿ ಬಿಡುತ್ತಿರಲಿಲ್ಲ. ಗಾಳಿ ಯಾವ ಕಡೆಯಿಂದ ಬಂತು, ಗುಡುಗಿಗೆ ದನ ಹೇಗೆ ಬೆದರಿತು, ಹಿತ್ತಿಲ ಬಾಳೆ ಹೇಗೆ ಮುರಿಯಿತು ಎಂದೆಲ್ಲ ಸುತ್ತಿ ಬಳಸಿ ಕೊನೆಗೆ ಅಂಕಿ ಹೇಳುತ್ತಿದ್ದಳು. ಮೊದಲೇ ಹೇಳಿದರೆ ನಾವು ಫೋನ್ ಇಟ್ಟುಬಿಡುತ್ತೇವೆಂದು ಅವಳಿಗೆ ಗೊತ್ತಿತ್ತು.

ಕಾಫಿಗೆ ಒಳ್ಳೆಯ ರೇಟು ಬಂದ ಆ ವರ್ಷ ಸೌಜನ್ಯಳಿಗೆ ಹಡಗಿನ ಹುಚ್ಚು ಹಿಡಿಯಿತು. ಅವಳ ನೆಂಟರ್‍ಯಾರೋ ಹೋಗಿ ಬಂದು ಫೋಟೊ ಹಾಕಿದ್ದರಂತೆ. ಕೊಚ್ಚಿಯಲ್ಲಿ ಹತ್ತುವುದು, ಲಕ್ಷದ್ವೀಪದ ಕಡೆ ಹೋಗುವುದು, ನೀರಿನ ಮೇಲೆ ತೇಲುತ್ತಾ ಉಂಡು, ಕುಣಿದು, ವಾಪಸ್ಸು ಬರುವುದು. ಗಂಡಂದಿರು ಬೇಡ, ನಾವು ಹೆಂಗಸರೇ ಎಂದಳು. ಸೌಜನ್ಯ, ಅಂಜುಮ್ ಒಂದು ರೂಮು. ನಾನು ಮತ್ತು ಸೌಜನ್ಯಳ ನಾದಿನಿ ಮಾನಸ ಇನ್ನೊಂದು ರೂಮು. ಎಲ್ಲ ನಿಗದಿಯಾದ ಮೇಲೆ ಮಾನಸಳ ಮಗಳಿಗೆ ಹೆರಿಗೆ ಹತ್ತಿರ ಬಂದು, ಅವಳು ಬರಲಾಗುವುದಿಲ್ಲ ಎಂದು ಕೈಯೆತ್ತಿಬಿಟ್ಟಳು.

“ಮಂಜು, ನಿನ್ ರೂಮಲ್ಲಿ ಒಂದ್ ಮಂಚ ಖಾಲಿ ಬಿದ್ದೋಗ್ತದೆ. ಗಂಗಕ್ಕನ್ನ ಕೇಳಾನಾ?” ಎಂದಳು ಸೌಜನ್ಯ.

ಮಂಚ ಖಾಲಿ ಇದೆ ಎಂದು ಕರೆಯುವುದು ಯಾವ ಸೀಮೆಯ ಕರೆ ಎಂದು ನನಗೆ ಮೈ ಉರಿಯಿತು. ಆದರೂ ಹಳ್ಳ ದಾಟಿ ಹೋಗಿ ಕೇಳಿದವಳು ನಾನೇ. ಗಂಗಕ್ಕ ಜಗಲಿಯಲ್ಲಿ ಕೂತು ಕಾಳುಮೆಣಸು ಬಿಡಿಸುತ್ತಿದ್ದಳು. ಕೈ ನಿಂತಿತು.

“ನನ್ನ ಯಾಕೆ ಕರೀತಾವ್ರೆ ಮಂಜು?”

“ನೀನೂ ನಮ್ ಗುಂಪಲ್ವಾ” ಎಂದೆ. ಮಂಚದ ಸುದ್ದಿ ಎತ್ತಲಿಲ್ಲ.

ಅವಳು ಮತ್ತೆ ಮೆಣಸಿಗೆ ಕೈ ಹಾಕಿದಳು. ನನ್ನ ಮುಖ ನೋಡದೆ ಹೇಳಿದಳು. “ನಂಗೇನ್ ಹಡಗು ನೋಡೋ ಆಸೆ ಇಲ್ಲ ಕಣೇ. ಆದ್ರೆ ಒಟ್ಟಿಗ್ ಉಂಡು, ಒಟ್ಟಿಗ್ ಮಲ್ಗೆದ್ದು ಬಂದ್ಮೇಲೆ, ಮಳೆ ಇಲ್ದಿದ್ ದಿನಾನೂ ಒಂದ್ ಫೋನ್ ಮಾಡ್ತಾರೆ ಅಲ್ವಾ? ಸುಮ್ನೆ, ಇವತ್ತೇನ್ ಸಾರು ಅಂತ ಕೇಳಕ್ಕಾದ್ರೂ?”

“ಮಾಡ್ದೆ ಇರ್ತಾರಾ” ಎಂದೆ.

ಹಡಗಿನ ಟಿಕೆಟ್ಟು ಫೋನಿನೊಳಗೇ ಬರುತ್ತದಂತೆ. ಅದಕ್ಕಾಗಿ ಗಂಗಕ್ಕನಿಗೆ ಸಕಲೇಶಪುರದಲ್ಲಿ ಒಂದು ಟಚ್ ಫೋನ್ ಕೊಡಿಸಿದೆ. ಅಂಗಡಿಯವನು ಕ್ಯಾಮೆರಾ ಹಾಗಿದೆ, ಬ್ಯಾಟರಿ ಹೀಗಿದೆ ಎಂದು ಹೊಗಳುತ್ತಿದ್ದ. ಅವಳು ಎಲ್ಲ ಕೇಳಿಸಿಕೊಂಡು, “ರಿಂಗ್ ಜೋರಾಗ್ ಕೇಳ್ತದೇನಪ್ಪ?” ಎಂದಳು. ಸಿಮ್ಮು ಹೊಸದಕ್ಕೆ ಬಂತು, ಗುಂಡಿ ಫೋನು ಬೀರುವಿನ ಪಾಲಾಯಿತು.

ಹೂಮಳೆ ಆಗಿ, ಹೂ ಕಾಯಿ ಕಚ್ಚಲು ಬೇಕಾದ ಎರಡನೇ ಮಳೆಯೂ ಆಗಿ, ಮನಸ್ಸು ನಿರಾಳವಾದ ಮೇಲೆ ಏಪ್ರಿಲ್ ಕೊನೆಗೆ ಹೊರಟೆವು. ಸಕಲೇಶಪುರದಲ್ಲಿ ರೈಲು ಹತ್ತಿ ಮಂಗಳೂರಿಗೆ, ಅಲ್ಲಿಂದ ಇನ್ನೊಂದು ರೈಲಿನಲ್ಲಿ ಕೊಚ್ಚಿಗೆ. ಗಂಗಕ್ಕ ನಾಲ್ವರಿಗೂ ಆಗುವಷ್ಟು ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿಪುಡಿ ಕಟ್ಟಿಕೊಂಡು ಬಂದಿದ್ದಳು. ರೊಟ್ಟಿ ರೈಲಿನಲ್ಲೇ ಖಾಲಿಯಾಯಿತು. ಅಂಜುಮ್ ಬೆರಳು ನೆಕ್ಕಿಕೊಂಡು, “ಗಂಗಕ್ಕ, ನೀವು ಇಷ್ಟ್ ದಿನ ಎಲ್ ಅಡ್ಗಿದ್ರಿ ಮಾರಾಯ್ತಿ?” ಎಂದಾಗ ಗಂಗಕ್ಕನ ಮುಖ ನೋಡಬೇಕಿತ್ತು. ಚಟ್ನಿಪುಡಿಯ ಡಬ್ಬಿಯನ್ನು ಬಂದರಿನ ತಪಾಸಣೆಯವರು ಒಳಗೆ ಬಿಡಲಿಲ್ಲ. ಸೌಜನ್ಯ, “ಇವೆಲ್ಲ ಯಾಕೆ ತರಕ್ಕೋದ್ರಿ, ಎಲ್ರೂ ನಮ್ಮನ್ನೇ ನೋಡ್ತಾವ್ರೆ” ಎಂದು ಮೆಲ್ಲಗೆ ಗದರಿದಳು. ಗಂಗಕ್ಕ ಡಬ್ಬಿಯ ಮುಚ್ಚಳ ಗಟ್ಟಿ ಮಾಡಿ ಅವರ ಮೇಜಿನ ಮೇಲಿಟ್ಟು ಬಂದಳು.

ಹಡಗೆಂದರೆ ಹಡಗಲ್ಲ, ಅದೊಂದು ಪೇಟೆ. ಒಳಗೆ ಲಿಫ್ಟು, ಅಂಗಡಿ, ಈಜುವ ಕೊಳ, ಯಾವ ಹೊತ್ತಿನಲ್ಲೂ ಊಟ. ಇಷ್ಟೆಲ್ಲ ಮಾಡಿದವರಿಗೆ ಒಂದು ಲೋಟ ನೆಟ್ಟಗಿನ ಕಾಫಿ ಮಾಡಲು ಬಂದಿಲ್ಲ. ಮೊದಲ ಗುಟುಕಿಗೇ ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿ ಲೋಟ ಕೆಳಗಿಟ್ಟೆವು. ಇಡೀ ಪ್ರವಾಸದಲ್ಲಿ ನಾಲ್ವರಿಗೂ ಒಂದೇ ಮನಸ್ಸಿದ್ದದ್ದು ಅದೊಂದೇ ಸಲ.

ಹಡಗು ದಡ ಬಿಟ್ಟ ಸ್ವಲ್ಪ ಹೊತ್ತಿಗೆ ಫೋನುಗಳಿಗೆ ಸಿಗ್ನಲ್ ಹೋಯಿತು. ಆಮೇಲೆ ಗೊತ್ತಾಯಿತು ನಮ್ಮ ಬಂಡವಾಳ. ಎಷ್ಟೋ ವರ್ಷದಿಂದ ದನಿ ಕೇಳಿ ಕೇಳಿ ಗಂಗಕ್ಕನನ್ನು ಚೆನ್ನಾಗಿ ಬಲ್ಲೆವೆಂದುಕೊಂಡಿದ್ದೆವು. ಮೇಜಿನ ಆಚೆ ಈಚೆ ಕೂತರೆ ಆಡಲು ಮಾತೇ ಇಲ್ಲ. ಸೌಜನ್ಯ ಮತ್ತು ಅಂಜುಮ್ ಮಕ್ಕಳ ಮದುವೆ, ಬೀಗರ ಬಿಗುಮಾನ, ಯಾರ ಸೊಸೆ ಯಾರ ಜೊತೆ ಮಾತು ಬಿಟ್ಟಳು ಎಂದು ಶುರು ಮಾಡಿದರೆ ಮುಗಿಯುತ್ತಿರಲಿಲ್ಲ. ಗಂಗಕ್ಕ ಇವಳನ್ನೊಮ್ಮೆ ಅವಳನ್ನೊಮ್ಮೆ ನೋಡುತ್ತಾ ನಗುತ್ತಿದ್ದಳು, ಯಾರ ಮಾತಿಗೆ ಎಂದು ತಿಳಿಯದೆಯೂ ನಗುತ್ತಿದ್ದಳು. ಸಂದಿ ಸಿಕ್ಕಾಗ ಒಂದು ಮಾತು ತೂರಿಸಿದಳು. “ಆ ವರ್ಷ ಹೂಮಳೆ ಫೆಬ್ರವರಿಲೇ ಬಂದ್ಬುಟ್ಟಿತ್ತಲ್ಲ, ನೆನಪೈತಾ ಸೌಜನ್ಯ?”

“ಅಲ್ಲಿನ್ ಮಳೆ ಅಲ್ಲೇ ಇರ್ಲಿ ಬುಡಿ ಗಂಗಕ್ಕ, ಇಲ್ಲಾದ್ರೂ ಎಂಜಾಯ್ ಮಾಡಾಣ” ಎಂದಳು ಸೌಜನ್ಯ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ನನಗೂ ಗೊತ್ತು. ಗಂಗಕ್ಕ ಹೌದೌದು ಎಂದು ತಲೆಯಾಡಿಸಿ, ತಟ್ಟೆಯಲ್ಲಿದ್ದ ಕೇಕನ್ನು ಚಮಚದಲ್ಲಿ ಮುರಿಯುತ್ತಾ ಕೂತಳು.

ಸಂಜೆ ಅವರಿಬ್ಬರೂ ಹಾಡು ಕುಣಿತ ನೋಡಲು ಹೋದರು. ಗಂಗಕ್ಕ ಕಾಣಲಿಲ್ಲವೆಂದು ಹುಡುಕಿಕೊಂಡು ಮೇಲಿನ ಡೆಕ್ಕಿಗೆ ಹೋದೆ. ಕಂಬಿ ಹಿಡಿದು ನಿಂತಿದ್ದಳು. ಸುತ್ತ ನೀರು, ಎತ್ತ ನೋಡಿದರೂ ಒಂದೇ ಸಮ.

“ಒಂದ್ ಗುಡ್ಡಾನೂ ಇಲ್ಲ ಕಣೇ” ಎಂದಳು. “ಇಲ್ ಮಳೆ ಬಂದ್ರೆ ಎಲ್ ನಿಲ್ತದೆ?”

“ಎಲ್ಲೂ ನಿಲ್ಲಲ್ಲ. ಬಾ ಒಳಗೆ, ಗಾಳಿ ಜಾಸ್ತಿ ಐತೆ.”

“ನೀ ಹೋಗು. ಅಲ್ಲಿ ನಾನು ನಡುವೆ ಕೂತ್ರೆ ಅವ್ರಿಗ್ ಮಾತಾಡಕ್ಕೆ ತೊಂದ್ರೆ ಆಗ್ತದೆ.” ಮುನಿಸಿನಿಂದ ಹೇಳಿದ್ದರೆ ನಾನು ಎರಡು ಬೈದು ಎಳೆದುಕೊಂಡು ಹೋಗುತ್ತಿದ್ದೆ. ಅವಳು ಮಾಮೂಲಿ ಮಾತಿನಂತೆ ಹೇಳಿದಳು. ಮೋಡ ಕಟ್ಟುತ್ತಿತ್ತು, ಅದನ್ನೇ ನೋಡುತ್ತಿದ್ದಳು.

ಬೆಳಗಿನ ಜಾವ ಸಮುದ್ರದ ಮೇಲೆ ಮಳೆ ಸುರಿದಿತ್ತಂತೆ. ನನಗೆ ಎಚ್ಚರವಾಗುವಾಗ ಗುಂಡು ಕಿಟಕಿಯಲ್ಲಿ ಬೆಳಕಾಗಿತ್ತು. ಗಂಗಕ್ಕ ತನ್ನ ಮಂಚದ ತುದಿಯಲ್ಲಿ ಕೂತಿದ್ದಾಳೆ, ತಲೆಗೂದಲು ತೊಟ್ಟಿಕ್ಕುತ್ತಿದೆ, ತೊಡೆಯ ಮೇಲೆ ಬಚ್ಚಲಮನೆಯ ನೆಟ್ಟನೆಯ ಗಾಜಿನ ಲೋಟ, ಅದರಲ್ಲಿ ಒಂದಿಷ್ಟು ನೀರು. ಹಿಂದಿನ ಸಂಜೆಯೇ ಆ ಲೋಟವನ್ನು ಡೆಕ್ಕಿನಲ್ಲಿ ಯಾರ ಕಾಲಿಗೂ ಸಿಗದ ಕಡೆ ಇಟ್ಟು ಬಂದಿದ್ದಳು ಮಾರಾಯ್ತಿ. ನೀರಿಗೆ ಬೆರಳಿಟ್ಟು ಅಳೆದವಳೇ ಗೋಡೆಯ ಫೋನ್ ಎತ್ತಿ ಸೌಜನ್ಯಳ ರೂಮಿನ ನಂಬರು ಒತ್ತಿದಳು.

“ಹಲೋ, ಸೌಜನ್ಯ? ನಾನಮ್ಮ, ಗಂಗಾಮಣಿ. ಇಲ್ಲಿ ಕಾಲಿಂಚು ಆಗೈತೆ. ನಿಮ್ ಕಡೆ ಎಷ್ಟು?”

ನಾನು ಹೊದಿಕೆ ಬಾಯಿಗೆ ತುರುಕಿಕೊಂಡೆ. ಆಮೇಲೆ ತಡೆಯಲಾಗದೆ ಬಿದ್ದು ಬಿದ್ದು ನಕ್ಕೆ. ಆ ಕಡೆಯಿಂದಲೂ ಸೌಜನ್ಯ, ಅಂಜುಮ್ ಇಬ್ಬರ ನಗು ಕೇಳುತ್ತಿತ್ತು. ಗಂಗಕ್ಕ ಮೊದಲು ಕಣ್ಣು ಕಣ್ಣು ಬಿಟ್ಟಳು, ಆಮೇಲೆ ತಾನೂ ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

“ಬಾಯಿಗ್ ಬಂದ್ಬುಡ್ತು ಕಣೇ. ನಮ್ ಹಳ್ಳದ ಈಚೆ ಬಿದ್ದು ಆಚೆ ಬೀಳಲ್ವಲ್ಲ, ಹಂಗೇ ಅಂದ್ಕಂಬುಟ್ಟೆ. ಅವ್ರ್ ರೂಮು ಆ ತುದೀಲಿ ಐತಲ್ಲ” ಎಂದಳು.

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ತಿಂಡಿಯ ಮೇಜಿನಲ್ಲಿ ಅಂಜುಮ್, “ಗಂಗಕ್ಕ, ನನ್ ಇಡ್ಲಿ ಮೇಲೆ ಹತ್ತು ಸೆಂಟ್ ಚಟ್ನಿ ಬಿದ್ದೈತೆ, ನಿಮ್ ಕಡೆ ಎಷ್ಟು?” ಎಂದಳು. ಮಧ್ಯಾಹ್ನ ಸೌಜನ್ಯ ಪಕ್ಕದ ಮೇಜಿನ ಹುಬ್ಬಳ್ಳಿಯವರಿಗೆ ಕಥೆ ಹೇಳಿದಳು. ಅವರು ನಗುತ್ತಾ ಹೊರಳಿ ಯಾರು ಎಂದು ನೋಡಿದರು. ಸಂಜೆ ಹೊತ್ತಿಗೆ ಅವರ ಮೊಮ್ಮಕ್ಕಳು ಗಂಗಕ್ಕನನ್ನು ಕಂಡರೆ ‘ಆಂಟಿ, ಮಳೆ ಎಷ್ಟು?’ ಎನ್ನುವಂತಾಯಿತು. ಗಂಗಕ್ಕ ಪ್ರತಿ ಸಲವೂ ನಕ್ಕಳು. ರೂಮಿಗೆ ಬಂದು ಸೀರೆ ಮಡಿಸುವಾಗ ಮಾತ್ರ ನಗುತ್ತಿರಲಿಲ್ಲ.

“ತಮಾಷೆಗೆ ಅಕ್ಕ, ಮನ್ಸಿಗ್ ಹಚ್ಕಬ್ಯಾಡ” ಎಂದೆ.

“ಇಲ್ಲ ಕಣೇ. ನನ್ ವಿಷ್ಯ ಮಾತಾಡ್ತಾವ್ರಲ್ಲ, ಅಷ್ಟಾದ್ರೂ ಆಯ್ತಲ್ಲ” ಎಂದಳು.

ಇಳಿಯುವ ದಿನ ದಡ ಹತ್ತಿರವಾಗಿ ಸಿಗ್ನಲ್ ಬರುತ್ತಲೇ ಸೌಜನ್ಯ ಫೋಟೊ ಹಂಚಲೆಂದು ವಾಟ್ಸಾಪಿನಲ್ಲಿ ಗುಂಪು ಮಾಡಿದಳು. ಹೆಸರು ‘ಹಡಗಿನ ಗೆಳತಿಯರು’. ಗಂಗಕ್ಕನ ಹೊಸ ಫೋನನ್ನು ಅಂಜುಮ್ ತಾನೇ ಇಸಿದುಕೊಂಡು, ಎಲ್ಲಿ ಒತ್ತಬೇಕು, ಹೇಗೆ ಬರೆಯಬೇಕು ಎಂದು ಪಕ್ಕದಲ್ಲಿ ಕೂತು ಹೇಳಿಕೊಟ್ಟಳು. ಆ ವಿಷಯದಲ್ಲಿ ಅಂಜುಮ್ ಒಳ್ಳೆಯವಳು, ಸುಳ್ಳು ಹೇಳಬಾರದು. ಗಂಗಕ್ಕ ಒಂದೇ ಬೆರಳಿನಲ್ಲಿ ‘ನಮಸ್ಕಾರ’ ಎಂದು ಬರೆದು ಕಳಿಸಿದಳು. ನಮ್ಮ ಮೂರೂ ಫೋನು ಒಟ್ಟಿಗೆ ಟಿಂಗ್ ಎಂದವು.

“ಇನ್ಮೇಲೆ ದಿನಾ ಮಾತಾಡ್ಬೋದಲ್ವಾ?” ಎಂದು ಕೇಳಿದಳು.

“ದಿನಾನೂ ಗಂಗಕ್ಕ, ಯಾವಾಗ್ ಬೇಕಾದ್ರೂ” ಎಂದಳು ಸೌಜನ್ಯ. ರೈಲಿನಲ್ಲಿ ಸಕಲೇಶಪುರ ಬರುವವರೆಗೂ ಗಂಗಕ್ಕ ಆ ಫೋನನ್ನು ಬ್ಯಾಗಿಗೆ ಹಾಕಲಿಲ್ಲ, ಕೈಯಲ್ಲೇ ಹಿಡಿದಿದ್ದಳು.

ನಾಲ್ಕಾರು ದಿನ ಗುಂಪಿನಲ್ಲಿ ಫೋಟೊಗಳ ಸುರಿಮಳೆ. ಆಮೇಲೆ ಗುಡ್ ಮಾರ್ನಿಂಗ್ ಹೂಗಳು. ಮೇ ತಿಂಗಳಲ್ಲಿ ಮೊದಲ ಜೋರು ಮಳೆ ಹುಯ್ದ ಮಾರನೆಯ ಬೆಳಗ್ಗೆ ನಾನು ಸೌಜನ್ಯಳಿಗೆ ಫೋನ್ ಮಾಡಬೇಕೆನ್ನುವಷ್ಟರಲ್ಲಿ ಟಿಂಗ್ ಎಂದಿತು. ‘ಮಗ್ಗೆ 60’. ಬೆನ್ನಿಗೇ ಅಂಜುಮ್, ‘ಸಕಲೇಶಪುರ 1.10’. ನಾನೂ ನಮ್ಮ ಮನೆಯದನ್ನು ಹಾಕಿದೆ. ಬಹಳ ಹೊತ್ತಾದ ಮೇಲೆ, ಒಂದೊಂದೇ ಅಕ್ಷರ ಹುಡುಕಿ ಒತ್ತಿದ್ದಿರಬೇಕು, ಗಂಗಕ್ಕನದು ಬಂತು. ‘ನಮ್ಮ ಕಡೆ 50. ಗಾಳಿ ಇತ್ತು. ಬಾಳೆ ಮುರಿಯಿತು. ನೀವೆಲ್ಲ ಹೇಗಿದ್ದೀರಿ’. ಅದಕ್ಕೆ ಮೂರು ಹೆಬ್ಬೆರಳಿನ ಚಿತ್ರ ಬಿದ್ದವು. ಒಂದು ನನ್ನದೂ ಇತ್ತು, ಒಲೆಯ ಮೇಲೆ ಹಾಲಿತ್ತು.

ಎಷ್ಟು ಸಲೀಸಾಯಿತು ಎಂದು ಎಲ್ಲರಿಗೂ ಖುಷಿ. ಯಾರಿಗೂ ಫೋನ್ ಮಾಡುವ ತಾಪತ್ರಯವಿಲ್ಲ. ದೂರದ ತೋಟದವರಿಗೂ ಸೌಜನ್ಯ ಅದನ್ನೇ ದಾಟಿಸುತ್ತಾಳೆ. ಮಳೆ ಬಿದ್ದಾಗಲೆಲ್ಲ ನಾಲ್ಕು ಅಂಕಿ, ನಾಲ್ಕಾರು ಹೆಬ್ಬೆರಳು, ಅಲ್ಲಿಗೆ ಮುಗಿಯಿತು. ಗಂಗಕ್ಕನ ಬಾಳೆಯ ಸುದ್ದಿ, ಗುಡುಗಿನ ಸುದ್ದಿ ಮೆಲ್ಲಗೆ ನಿಂತವು. ಅವಳೂ ಬರೀ ಅಂಕಿ ಹಾಕತೊಡಗಿದಳು.

ಜೂನಿನಲ್ಲಿ ತಾಯಮ್ಮ ಹಳ್ಳದ ಹತ್ತಿರ ಸೊಪ್ಪು ಕೊಯ್ಯುತ್ತಿದ್ದಾಗ ಸಿಕ್ಕಿದಳು. ಗಂಗಕ್ಕ ಹೇಗಿದ್ದಾಳೆ ಎಂದೆ.

“ಅವ್ವಾರಿಗೆ ಈ ಹೊಸ ಫೋನ್ ಸರಿ ಹೋಗ್ನಿಲ್ಲ ಕಣ್ರವ್ವ” ಎಂದಳು. “ರಿಂಗೇ ಆಗಲ್ವಂತೆ. ಮಳೆ ಬಂದ್ ಬೆಳಗ್ಗೆ ಅಳೆದು ನೀರ್ ಚೆಲ್ಬುಟ್ಟು, ಮೊದ್ಲಿನಂಗೇ ಕಿಟ್ಕಿತಾವ ಕೂತಿರ್ತಾರೆ. ನಾನು ಬಂದಾಗ್ಲೂ ಅಲ್ಲೇ. ಮೊನ್ನೆ ನನ್ ಫೋನಿಂದ ಅದುಕ್ ಮಾಡ್ಸಿ ನೋಡುದ್ರು. ರಿಂಗ್ ಆಯ್ತು. ಸುಮ್ನಾದ್ರು.”

ನಾನು ಮನೆಗೆ ಬಂದು ಯಾರ ಮೇಲೆ ಎಂದು ಗೊತ್ತಾಗದ ಸಿಟ್ಟಿನಲ್ಲಿ ಪಾತ್ರೆ ಕುಕ್ಕಿದೆ. ಫೋನ್ ಮಾಡಬೇಕು ಎಂದುಕೊಂಡೆ. ಅಷ್ಟರಲ್ಲಿ ಗೊಬ್ಬರದ ಆಳು ಬಂದರು, ಅತ್ತೆಗೆ ಜ್ವರ ಬಂತು.

ಆ ಮೇಲಿನ ವಾರ ಮತ್ತೆ ಭರ್ತಿ ಮಳೆ. ಬೆಳಗ್ಗೆ ಗುಂಪಿನಲ್ಲಿ ಮಗ್ಗೆ ಬಂತು, ಸಕಲೇಶಪುರ ಬಂತು, ನನ್ನದೂ ಬಂತು. ಗಂಗಕ್ಕನದು ಬರಲಿಲ್ಲ. ಸೌಜನ್ಯ ‘ಗಂಗಕ್ಕ?’ ಎಂದು ಹಾಕಿದಳು. ಉತ್ತರವಿಲ್ಲ. ಗಂಗಕ್ಕ ಅದನ್ನು ನೋಡಿದ್ದಾಳೆಂದು ಫೋನ್ ತೋರಿಸುತ್ತಿತ್ತು. ಆಗಲೇ ನನಗೆ ಅರ್ಥವಾಯಿತು. ಅಂಕಿ ಹಾಕದಿದ್ದರೆ ಯಾರಾದರೂ ಫೋನ್ ಮಾಡಿಯಾರು ಎಂದು ಕಾಯುತ್ತಿದ್ದಾಳೆ, ಪುಣ್ಯಾತ್ಗಿತ್ತಿ.

ಟಿಂಗ್. ಅಂಜುಮ್ ಬರೆದಿದ್ದಳು. ‘ಮಂಜುದಕ್ಕಿಂತ ಹತ್ತು ಕಮ್ಮಿ ಅಂತ ಹಾಕ್ಕೊಳ್ಳಿ. ಯಾವಾಗ್ಲೂ ಅಷ್ಟೇ ಇರೋದು.’ ಸೌಜನ್ಯಳ ಹೆಬ್ಬೆರಳು ಅದರ ಕೆಳಗೆ ಬಂದು ಕೂತಿತು. ಸ್ವಲ್ಪ ಹೊತ್ತಿನಲ್ಲಿ ಅದನ್ನೂ ಗಂಗಕ್ಕ ನೋಡಿದ್ದಾಳೆಂದು ತೋರಿಸಿತು.

ಮೈಯೆಲ್ಲ ಉರಿದುಹೋಯಿತು. ಗುಂಪಿನಲ್ಲಿ ಏನಾದರೂ ಬರೆದರೆ ಜಗಳವೇ ಆಗುತ್ತಿತ್ತು. ಬರೆಯಲಿಲ್ಲ. ತಟ್ಟೆಗೆ ಹಾಕಿಕೊಂಡಿದ್ದ ಕಡುಬು ಬಿಟ್ಟು ಎದ್ದು ಗಂಗಕ್ಕನಿಗೆ ಫೋನ್ ಮಾಡಿದೆ. ಒಂದೇ ರಿಂಗಿಗೆ ಎತ್ತಿದಳು.

“ಈಗ ಒಳಗ್ ಬಂದೆ ಕಣೇ” ಎಂದಳು, ಏದುಸಿರು ಬಿಟ್ಟಂತೆ.

“ನಿನ್ ಕಡೆ ಎಷ್ಟಾಯ್ತಕ್ಕ?”

ಆ ಕಡೆ ಮೂಗು ಒರೆಸಿಕೊಂಡ ಸದ್ದು ಕೇಳಿತು.

“ಇನ್ನೂ ನೋಡಿಲ್ಲ ಮಂಜು. ಇರು, ನೋಡ್ಕಂಡ್ ಬತ್ತೀನಿ. ಫೋನ್ ಇಡ್ಬ್ಯಾಡ, ಆಯ್ತಾ?”

ಬಿಸಿಲು ಆಗಲೇ ಅಂಗಳಕ್ಕೆ ಇಳಿದಿತ್ತು. ಅಳೆದ ನೀರು ಯಾವಾಗಲೋ ಗುಲಾಬಿ ಬುಡಕ್ಕೆ ಹೋಗಿ, ಗ್ಲಾಸು ಗೂಡಿನಲ್ಲಿ ಬೋರಲಾಗಿರುತ್ತದೆಂದು ನನಗೆ ಗೊತ್ತು. ಆದರೂ ಬಾಗಿಲ ಚಿಲಕ ತೆಗೆದ ಸದ್ದಾಯಿತು, ಚಪ್ಪಲಿ ಮೆಟ್ಟಿದ ಸದ್ದಾಯಿತು, ಹೆಜ್ಜೆಗಳು ಮೆಲ್ಲಗೆ ಅಂಗಳಕ್ಕೆ ಇಳಿದವು. ಮೋಹನ್ ಪಕ್ಕಕ್ಕೆ ಬಂದು ಎಷ್ಟಂತೆ ಎಂದು ಕೈಸನ್ನೆ ಮಾಡಿದ.

“ನೋಡಕ್ಕೆ ಹೋಗವ್ಳೆ” ಎಂದೆ. ಕಡುಬು ತಣ್ಣಗಾಗುತ್ತಿತ್ತು. ನಾನು ಫೋನನ್ನು ಕಿವಿಗೆ ಹಿಡಿದುಕೊಂಡೇ ಕಿಟಕಿಯ ಹತ್ತಿರ ಕೂತೆ.